ಕಲಮು ಹೋಯಿತು, ಅಂಜಿಕೆ ಹೋಗಿಲ್ಲ

ಸೆಪ್ಟೆಂಬರ ೬ನೆಯ ತಾರೀಖು ನಮ್ಮ ಊರಲ್ಲಿ ಪ್ರತಿವರ್ಷ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ಅಂದು ಶಾಲೆಗೆ ಸೂಟಿಯಿಲ್ಲ, ಪೇಟೆಯಲ್ಲಿ ತೋರಣವಿಲ್ಲ, ಯಾವ ಮುಖಂಡರೂ ಭಾಷಣ ಮಾಡುವುದಿಲ್ಲ. ಆದರೆ ೨೦೧೮ರ ಆ ದಿನ ದಿಲ್ಲಿಯಲ್ಲಿ ಸುಪ್ರೀಮ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ಒಂದು ತೀರ್ಪು ಕೊಟ್ಟರು. ವಯಸ್ಸಿಗೆ ಬಂದ ಇಬ್ಬರು ಪರಸ್ಪರ ಒಪ್ಪಿ ಏಕಾಂತದಲ್ಲಿ ಕೂಡುವುದು, ಅವರಿಬ್ಬರೂ ಗಂಡಸರಾಗಿರಲಿ, ಇಬ್ಬರೂ ಹೆಂಗಸರಾಗಿರಲಿ, ಅಪರಾಧವಲ್ಲವೆಂದು ಸಾರಿದರು. ಇಂಡಿಯನ್ ಪೀನಲ್ ಕೋಡಿನ ೩೭೭ನೆಯ ಕಲಮು ಅಲ್ಲಿಯ ವರೆಗೆ ಇಂಥವರಿಗೆ ಹತ್ತು ವರ್ಷದ ವರೆಗೆ ಸಜೆಯನ್ನು, ನ್ಯಾಯಾಧೀಶನ ಮನಸ್ಸಿಗೆ ಬಂದರೆ ಜನ್ಮಾವಧಿಯನ್ನು ಬರೆದಿಟ್ಟಿತ್ತು. ಆ ಕಲಮು ೧೮೬೨ರ ಜನವರಿ ೧ರಂದು ಜಾರಿಗೆ ಬಂದುದು. ಒಂದು ನೂರಾ ಐವತ್ತಾರು ವರ್ಷ ಅದು ನಮ್ಮ ನಿಮ್ಮ ನಡುವಿನ ಮನುಷ್ಯರ ತಲೆಯ ಮೇಲೆ ತೂಗುತ್ತಿತ್ತು.

ಈ ವಿಷಯದ ಮೇಲೆ ಅಗ್ರಲೇಖ ಬರೆಯುತ್ತೇವೆಂದು ಕಚೇರಿಯಲ್ಲಿ ಮಾತು ತೆಗೆದಾಗ ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿಯೊಬ್ಬರು, ನಮ್ಮ ಹಳೆಯ ವರ್ಗಣಿದಾರರು, ನಕ್ಕರು. "ಮಾಸ್ತರ್ರ, ನೂಲಿನ ಧಾರಣಿ ಬರೀರಿ, ಪಗಾರದ ಮಾತು ಬರೀರಿ. ಇದು ಸಾಹೇಬರ ದೇಶದ ರೋಗ. ನಮಗ್ಯಾಕ್ರೀ?" ಎಂದರು. ಅಲ್ಲಿಯೇ ಕುಳಿತಿದ್ದ ಗಿರಣಿಯ ಕಾಮಗಾರನೊಬ್ಬ ತಲೆ ಬಗ್ಗಿಸಿದ, ಏನೂ ಅನ್ನಲಿಲ್ಲ. ಆ ನಗೆಗೂ ಉತ್ತರ ಕೊಡಬೇಕು, ಈ ಮೌನಕ್ಕೂ ಉತ್ತರ ಕೊಡಬೇಕು. ಅದಕ್ಕೇ ಈ ವಾರ ನೂಲಿನ ಧಾರಣಿಯನ್ನು ಒಳಪುಟಕ್ಕೆ ಕಳಿಸಿದ್ದೇವೆ.

ಸಾಹೇಬರ ದೇಶದಿಂದ ಬಂದುದು ಯಾವುದು ಎಂಬುದನ್ನು ಮೊದಲು ನೋಡೋಣ. ೧೮೫೮ರ ಜೂನಿನಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಅದೇ ತಿಂಗಳು ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ನೇಣಿಗೆ ಏರಿಸಿದರು. ಇದಾದ ಎರಡೇ ವರ್ಷಕ್ಕೆ, ೧೮೬೦ರಲ್ಲಿ, ಪೀನಲ್ ಕೋಡು ಕಾಯದೆಯಾಯಿತು. ಅದರ ಕರಡನ್ನು ಮೆಕಾಲೆಯೆಂಬ ಸಾಹೇಬನ ಮಂಡಲಿ ೧೮೩೭ರಲ್ಲಿಯೇ ತಯಾರಿಸಿ ಇಟ್ಟಿತ್ತು. ಈ ಕಲಮಿನ ಬಗ್ಗೆ ಮುಂಡರಗಿಯ ರೈತನನ್ನು ಯಾರೂ ಕೇಳಲಿಲ್ಲ, ಬೆಟಗೇರಿಯ ನೇಕಾರನನ್ನು ಕೇಳಲಿಲ್ಲ, ಯಾವ ಮಠದ ಸ್ವಾಮಿಗಳನ್ನೂ ಕೇಳಲಿಲ್ಲ. ಇಂಗ್ಲಂಡಿನ ಎಂಟನೆಯ ಹೆನ್ರಿ ೧೫೩೩ರಲ್ಲಿ ಮಾಡಿದ ಕಾಯದೆಯ ಮೊಮ್ಮಗ ಇದು. ಭೀಮರಾಯನನ್ನು ಕೊಂದ ಕೈಯೇ ಇದನ್ನೂ ಬರೆಯಿತು. ಆ ಇಂಗ್ಲಂಡು ತನ್ನ ಮನೆಯಲ್ಲಿ ಇದನ್ನು ೧೯೬೭ರಲ್ಲಿ ತೆಗೆದು ಹಾಕಿತು. ಸಾಹೇಬ ತನ್ನ ಹಳೆಯ ಕೋಟನ್ನು ಬಿಸಾಡಿದ ಮೇಲೆ ನಾವು ಅದನ್ನು ಇನ್ನೂ ಐವತ್ತೊಂದು ವರ್ಷ ತೊಟ್ಟುಕೊಂಡು ತಿರುಗಿದೆವು. ಮೇಲೆ ಅದನ್ನೇ ನಮ್ಮ ಸಂಸ್ಕೃತಿಯೆಂದು ಕರೆದೆವು.

ನಮ್ಮದು ಎಂಬುದು ಏನಿತ್ತು? ಗದುಗಿನ ವೀರನಾರಾಯಣನ ಗುಡಿಯ ಕಂಬವನ್ನು ಕಂಡವರಿಗೆ ಕುಮಾರವ್ಯಾಸನ ಹೆಸರು ಹೇಳಬೇಕಾಗಿಲ್ಲ. ಮಳೆ ಹೋದ ವರ್ಷ ನಮ್ಮ ಹಳ್ಳಿಗಳಲ್ಲಿ ಕೂಡಿಸಿ ಓದಿಸುವುದು ಅವನ ವಿರಾಟಪರ್ವವನ್ನು. ಆ ಪರ್ವದಲ್ಲಿ ಮೂರು ಲೋಕದ ಗಂಡ ಅರ್ಜುನ ಬೃಹನ್ನಳೆಯಾಗಿ, ಸೀರೆಯುಟ್ಟು, ಅಂತಃಪುರದಲ್ಲಿ ನಾಟ್ಯ ಕಲಿಸುತ್ತಾನೆ. ಅದನ್ನು ಕೇಳಿ ಯಾವ ಗೌಡರೂ ಕಟ್ಟೆ ಬಿಟ್ಟು ಎದ್ದು ಹೋದದ್ದನ್ನು ನಾವು ಕಾಣೆವು. ಗರುಡ ಸದಾಶಿವರಾಯರ ನಾಟಕ ಮಂಡಳಿ ಇದೇ ಗದುಗಿನದು. ಆ ಕಾಲದ ಕಂಪನಿಗಳಲ್ಲಿ ಸ್ತ್ರೀಪಾತ್ರ ಹಾಕುವ ಗಂಡಸರನ್ನು ನೋಡಲು ನಮ್ಮ ಅಜ್ಜಂದಿರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹುಣ್ಣಿಮೆಗೆ ಹುಲಿಗಿಗೆ ಹೋಗುವವರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಅವರ ಚೌಡಿಕೆಯ ಸದ್ದಿಗೆ ಕೈಮುಗಿಯುತ್ತಾರೆ.

ಇವೆಲ್ಲ ಒಂದೇ ಅಲ್ಲವೆಂಬುದನ್ನು ನಾವು ಬಲ್ಲೆವು. ನಾಟಕದಲ್ಲಿ ಸೀರೆಯುಡುವವನು ಮನೆಗೆ ಹೋಗಿ ಧೋತರ ಉಡುತ್ತಾನೆ. ಜೋಗಪ್ಪ, ಹಿಜಡಾ, ಮಂಗಳಮುಖಿ ಎಂದು ನಾವು ಕರೆಯುವವರು ಹುಟ್ಟಿದ ಮೈಯ ಗುರುತನ್ನು ಬಿಟ್ಟು ಬೇರೆ ಬಾಳು ಬಾಳುವವರು. ಇನ್ನು ಕೆಲವರು ವೇಷದಲ್ಲಿ ನಡೆನುಡಿಯಲ್ಲಿ ನಮ್ಮ ಹಾಗೆಯೇ ಇರುತ್ತಾರೆ. ಅವರ ಪ್ರೀತಿ ಮಾತ್ರ ತಮ್ಮಂಥ ಗಂಡಸಿನ ಮೇಲೆ, ಅಥವಾ ತಮ್ಮಂಥ ಹೆಂಗಸಿನ ಮೇಲೆ. ಇವರನ್ನು ನೀವು ಗುರುತಿಸಲಾರಿರಿ. ನಿಮ್ಮ ಪಕ್ಕದ ಮಗ್ಗದಲ್ಲಿ ಇರಬಹುದು, ನಿಮ್ಮ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರಬಹುದು. ೩೭೭ನೆಯ ಕಲಮು ಇವರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿತ್ತು.

ಇಂಗ್ಲೀಷರು ಕಲಮು ಬರೆದು ಸುಮ್ಮನಾಗಲಿಲ್ಲ. ಬೆಟಗೇರಿಯ ಸೆಟ್ಲಮೆಂಟು ಯಾವ ಕಾಯದೆಯ ಕೂಸು ಎಂದು ಆ ಓಣಿಯ ಹಿರಿಯರನ್ನು ಕೇಳಿದರೆ ಅವರೇ ಹೇಳುತ್ತಾರೆ. ಹುಟ್ಟಿದ ಜಾತಿಯನ್ನೇ ಅಪರಾಧವೆಂದು ಬರೆದು, ಮುಳ್ಳುಬೇಲಿಯೊಳಗೆ ಇಟ್ಟು, ದಿನಾಲು ಹಾಜರಿ ಕೂಗಿಸಿದ ಆ ಕಾಯದೆಯ ಮೂಲ ೧೮೭೧ರದು. ಆ ಕಾಯದೆಗೆ ಇನ್ನೊಂದು ಭಾಗವಿತ್ತು. ಅದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಉತ್ತರದ ಪ್ರಾಂತಗಳಲ್ಲಿ ಹಿಜಡಾಗಳ ಹೆಸರು, ಊರು, ಆಸ್ತಿಗಳನ್ನು ಪೋಲೀಸರು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಆ ವಹಿಯಲ್ಲಿ ಹೆಸರಿದ್ದವನು ಹೆಂಗಸಿನ ಉಡುಪಿನಲ್ಲಿ ಬೀದಿಗೆ ಬಂದರೆ, ಹಾಡಿದರೆ, ಕುಣಿದರೆ ವಾರಂಟಿಲ್ಲದೆ ಹಿಡಿಯಬಹುದು. ಸೆಟ್ಲಮೆಂಟಿನವರ ಬೇಲಿಯನ್ನು ಸ್ವತಂತ್ರ ಭಾರತ ೧೯೫೨ರಲ್ಲಿ ಕಿತ್ತಿತು. ಅವರ ಮೇಲಿನ ಸಂಶಯ ಎಷ್ಟು ದಿನ ಉಳಿಯಿತೆಂಬುದನ್ನು, ಇಂದಿಗೂ ಅವರ ಮಕ್ಕಳಿಗೆ ಬಾಡಿಗೆ ಮನೆ ಹುಡುಕುವಾಗ ಏನಾಗುತ್ತದೆಂಬುದನ್ನು, ಬೆಟಗೇರಿಯವರಿಗೆ ನಾವು ತಿಳಿಸಬೇಕಾಗಿಲ್ಲ. ಅದೇ ಕಾಯದೆಯ ಅವಳಿ ಮಗು ಎಂದು ತಿಳಿದರೆ ಸಾಕು, ಈ ಸಂಗತಿ ಪರದೇಶದ್ದೆಂದು ಯಾರೂ ಅನ್ನಲಾರರು.

೧೮೮೪ರಲ್ಲಿ ಅಲಹಾಬಾದ ಹೈಕೋರ್ಟಿಗೆ ಒಂದು ಖಟ್ಲೆ ಬಂದಿತು. ಖೈರಾತಿ ಎಂಬವನು ಹೆಂಗಸರ ಉಡುಪಿನಲ್ಲಿ ಹೆಂಗಸರೊಡನೆ ಕೂಡಿ ಹಾಡುತ್ತಿದ್ದ. ಅಷ್ಟಕ್ಕೆ ಪೋಲೀಸರು ಹಿಡಿದರು, ಡಾಕ್ಟರರಿಂದ ಮೈ ಪರೀಕ್ಷೆ ಮಾಡಿಸಿದರು, ಕೆಳಗಿನ ಕೋರ್ಟು ೩೭೭ರ ಕೆಳಗೆ ಸಜೆ ಕೊಟ್ಟಿತು. ಎಲ್ಲಿ, ಯಾವಾಗ, ಯಾರೊಡನೆ ಎಂಬುದು ಒಂದೂ ಇರಲಿಲ್ಲ. ಹೈಕೋರ್ಟು ಪುರಾವೆಯಿಲ್ಲವೆಂದು ಬಿಟ್ಟಿತು. ಆದರೆ ಬಿಡುವಾಗಲೂ ಅವನ ನಡತೆಯ ಮೇಲೆ ಉಗುಳಿಯೇ ಬಿಟ್ಟಿತು. ಈ ಕಾಯದೆ ಮುಂದೆ ನಡೆದು ಬಂದ ದಾರಿಯೆಲ್ಲ ಆ ಒಂದು ಖಟ್ಲೆಯಲ್ಲಿದೆ. ಶಿಕ್ಷೆ ಕೊಡುವುದಕ್ಕಿಂತ ಹೆಚ್ಚಾಗಿ ಹೆದರಿಸುವುದಕ್ಕೆ ಅದು ಉಪಯೋಗಕ್ಕೆ ಬಿದ್ದಿತು.

ಹೆದರಿಕೆಯ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ಸಣ್ಣ ವ್ಯಾಪಾರಸ್ಥರು ನಮಗಿಂತ ಚೆನ್ನಾಗಿ ಬಲ್ಲರು. ತಕ್ಕಡಿಯ ಮುದ್ರೆ ಸರಿಯಿಲ್ಲವೆಂದು ಇನ್ಸ್‌ಪೆಕ್ಟರನೊಬ್ಬ ಬಂದು ನಿಂತರೆ ಖಟ್ಲೆ ಆಗುವುದು ಅಪರೂಪ; ಗಲ್ಲೆಯಿಂದ ನೋಟು ಹೊರಬರುವುದು ಖಾತ್ರಿ. ೩೭೭ರದೂ ಇದೇ ವ್ಯವಹಾರ. ರಾತ್ರಿಯ ಹೊತ್ತು ಸ್ಟೇಶನ್ನಿನ ಬದಿಗೋ ಉದ್ಯಾನದಲ್ಲೋ ಇಬ್ಬರು ಗಂಡಸರು ಕುಳಿತಿದ್ದರೆ ಗಡಿಯಾರ, ಉಂಗುರ, ಕಿಸೆಯಲ್ಲಿದ್ದ ಪಗಾರ ಎಲ್ಲ ಹೋಗುತ್ತಿತ್ತು. ಮನೆಗೆ ಹೇಳುತ್ತೇವೆಂದರೆ ಮರುದಿನ ಇನ್ನಷ್ಟು ತಂದು ಕೊಡುತ್ತಿದ್ದರು. ಪೋಲೀಸರಷ್ಟೇ ಅಲ್ಲ, ಪೋಲೀಸರ ಹೆಸರು ಹೇಳಿಕೊಂಡು ತಿರುಗುವ ಪುಂಡರೂ ಇದರಲ್ಲಿ ಹೊಟ್ಟೆ ಹೊರೆದುಕೊಂಡರು. ದೂರು ಕೊಡುವುದಾದರೂ ಎಲ್ಲಿ? ಠಾಣೆಯ ಮೆಟ್ಟಿಲು ಹತ್ತಿದರೆ ತಾನೇ ಅಪರಾಧಿ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಕರ್ನಾಟಕ ಘಟಕ ೨೦೦೧ರಲ್ಲಿ ಮತ್ತು ೨೦೦೩ರಲ್ಲಿ ಎರಡು ವರದಿಗಳಲ್ಲಿ ಈ ಸುಲಿಗೆಯನ್ನೂ ಹೊಡೆತವನ್ನೂ ಬರೆದು ಬೆಳಕಿಗೆ ತಂದಿತು. ೨೦೦೪ರ ಜೂನಿನಲ್ಲಿ ಬೆಂಗಳೂರಲ್ಲಿ ಹಿಜಡಾ ಒಬ್ಬರ ಮೇಲೆ ಗೂಂಡಾಗಳು ಬಲಾತ್ಕಾರ ಮಾಡಿದರು. ಪೋಲೀಸರು ದೂರು ಬರೆದುಕೊಳ್ಳುವುದನ್ನು ಬಿಟ್ಟು, ಅವರನ್ನೇ ಠಾಣೆಗೆ ಒಯ್ದು ಬೆತ್ತಲೆ ಮಾಡಿ ಸುಟ್ಟು ಹಿಂಸಿಸಿದರು. ಈ ಸಂಗತಿ ಮುಂದೆ ದಿಲ್ಲಿ ಹೈಕೋರ್ಟಿನ ಕಾಗದದಲ್ಲಿಯೂ ದಾಖಲಾಯಿತು. ಬಂಗಲೆಯಲ್ಲಿರುವವನಿಗೆ ಬಾಗಿಲಿದೆ, ಚಿಲಕವಿದೆ. ಒಂದೇ ಖೋಲಿಯಲ್ಲಿ ಎಂಟು ಜನ ಮಲಗುವ ಕಾಮಗಾರನಿಗೆ ಏಕಾಂತ ಎಲ್ಲಿಂದ ಬರಬೇಕು? ಕಾಯದೆ ಎಲ್ಲರ ಮೇಲೂ ಇತ್ತು, ಲಾಠಿ ಮಾತ್ರ ಬಡವನ ಮೇಲೆ ಬಿದ್ದಿತು.

ಇದನ್ನು ಕಿತ್ತೊಗೆಯಲು ದುಡಿದವರ ಹೆಸರುಗಳನ್ನು ನಮ್ಮ ವಾಚಕರು ಅರಿಯಬೇಕು. ಬೆಂಗಳೂರಲ್ಲಿ ಹುಟ್ಟಿದ ಶಕುಂತಲಾದೇವಿಯವರನ್ನು ಗಣಿತದ ಚಮತ್ಕಾರಕ್ಕಾಗಿ ಎಲ್ಲರೂ ಬಲ್ಲರು. ೧೯೭೭ರಲ್ಲಿಯೇ, ಈ ದೇಶದಲ್ಲಿ ಬೇರೆ ಯಾರೂ ಬಾಯಿ ತೆರೆಯದಿದ್ದಾಗ, ಸಲಿಂಗಪ್ರೇಮಿಗಳ ಬಗ್ಗೆ ಒಂದು ಪುಸ್ತಕ ಬರೆದು ಈ ಕಲಮನ್ನು ತೆಗೆಯಬೇಕೆಂದವರು ಅವರು. ಅವರ ಜಾಣತನವನ್ನು ಕೊಂಡಾಡುವವರು ಈ ಧೈರ್ಯವನ್ನು ಮರೆಮಾಚುತ್ತಾರೆ. ಮುಂದೆ ದಿಲ್ಲಿಯಲ್ಲಿ ಏಡ್ಸ್ ಭೇದಭಾವ ವಿರೋಧಿ ಆಂದೋಲನವೆಂಬ ಸಣ್ಣ ಗುಂಪು ೧೯೯೧ರಲ್ಲಿ ವರದಿ ಹೊರಡಿಸಿತು. ಹಣವಿಲ್ಲ, ದೊಡ್ಡವರ ಬೆಂಬಲವಿಲ್ಲ. ಅದರ ಮುಂದಾಳುಗಳಲ್ಲಿ ಒಬ್ಬನಾದ ತರುಣ ವಕೀಲ ಸಿದ್ಧಾರ್ಥ ಗೌತಮ ೧೯೯೨ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡ. ತಿಹಾರ ಜೇಲಿನ ಕೈದಿಗಳಿಗೆ ನಿರೋಧ ಕೊಡಲು ಅಧಿಕಾರಿಗಳು ಒಪ್ಪದಿದ್ದಾಗ ಅದೇ ಗುಂಪು ೧೯೯೪ರಲ್ಲಿ ಕೋರ್ಟಿಗೆ ಹೋಯಿತು. ೩೭೭ರ ಮೇಲೆ ಹೂಡಿದ ಮೊದಲ ದಾವೆ ಅದು. ಅದು ಮೂಲೆಗೆ ಬಿದ್ದಿತು. ೨೦೦೧ರಲ್ಲಿ ಅಂಜಲಿ ಗೋಪಾಲನ್ ಅವರ ನಾಜ್ ಫೌಂಡೇಶನ್ ಇನ್ನೊಂದು ದಾವೆ ಹೂಡಿತು. ಅದನ್ನು ಮೊದಲು ಹೊರಗೆ ಹಾಕಿದರು, ಮತ್ತೆ ಒಳಗೆ ಕರೆದರು. ಕಡೆಗೆ ೨೦೦೯ರ ಜುಲೈ ೨ರಂದು ದಿಲ್ಲಿ ಹೈಕೋರ್ಟಿನ ಎ. ಪಿ. ಶಹಾ ಮತ್ತು ಎಸ್. ಮುರಳೀಧರ ಅವರು ಇದು ಅಪರಾಧವಲ್ಲವೆಂದು ತೀರ್ಪು ಕೊಟ್ಟರು.

ನಾಲ್ಕು ವರ್ಷ ಜನ ಉಸಿರಾಡಿದರು. ೨೦೧೩ರ ಡಿಸೆಂಬರ ೧೧ರಂದು ಸುಪ್ರೀಮ ಕೋರ್ಟಿನ ಇಬ್ಬರು ನ್ಯಾಯಾಧೀಶರು ಆ ತೀರ್ಪನ್ನು ಅಳಿಸಿದರು. ಕಾರಣವೇನು ಕೊಟ್ಟರು ಗೊತ್ತೆ? ಇಂಥವರು ದೇಶದ ಜನಸಂಖ್ಯೆಯಲ್ಲಿ ಅತ್ಯಲ್ಪ. ನೂರೈವತ್ತು ವರ್ಷಗಳಲ್ಲಿ ಇನ್ನೂರಕ್ಕಿಂತ ಕಡಿಮೆ ಜನರ ಮೇಲೆ ಖಟ್ಲೆ ನಡೆದಿವೆ. ಈ ತರ್ಕವನ್ನು ಕಾಮಗಾರ ಬಂಧುಗಳ ಮುಂದೆ ಇಡುತ್ತೇವೆ. ಗಿರಣಿಯ ಒಂದು ಖಾತೆಯಲ್ಲಿ ಮೂವರನ್ನು ಕಾರಣವಿಲ್ಲದೆ ಕೆಲಸದಿಂದ ತೆಗೆದರೆ, ಮೂವರೇ ತಾನೆ ಎಂದು ಮಾಲಕ ಹೇಳಿದರೆ, ನಿಮ್ಮ ಸಂಘ ಒಪ್ಪುತ್ತದೆಯೆ? ನಾಲ್ಕು ತಲೆಯಿದ್ದವರಿಗೆ ಹಕ್ಕು ಕಡಿಮೆ, ನಾಲ್ಕು ಸಾವಿರ ತಲೆಯಿದ್ದವರಿಗೆ ಹೆಚ್ಚು ಎಂಬ ಲೆಕ್ಕ ಅಡತಿಯಲ್ಲಿ ನಡೆಯಬಹುದು. ನ್ಯಾಯದ ಕಟ್ಟೆಯ ಮೇಲೆ ಕುಳಿತವರು ಆ ತಕ್ಕಡಿ ಹಿಡಿದದ್ದನ್ನು ಕಂಡು ಅಂದು ನಾಚಿಕೆಯಾಯಿತು.

ಮುಂದಿನ ಐದು ವರ್ಷಗಳಲ್ಲಿ ಗಾಳಿ ತಿರುಗಿದ್ದು ಹೇಗೆಂಬುದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಲ್ಲಿ ಮನೋಹರ ಎಲವರ್ತಿಯವರು ೧೯೯೯ರಲ್ಲಿ ಹುಟ್ಟು ಹಾಕಿದ ಸಂಗಮ ಎಂಬ ಸಂಸ್ಥೆ ಹಿಜಡಾಗಳನ್ನೂ ಬಡ ಸಲಿಂಗಪ್ರೇಮಿಗಳನ್ನೂ ಕೂಡಿಸಿತು. ಅವರನ್ನು ಹಿಡಿದೊಯ್ದಾಗ ಅದರ ಕಾರ್ಯಕರ್ತರು ಅರ್ಧರಾತ್ರಿಯಲ್ಲಿ ಠಾಣೆಗೆ ಓಡಿದರು. ೨೦೦೮ರ ಅಕ್ಟೋಬರಿನಲ್ಲಿ ಹಾಗೆ ವಿಚಾರಿಸಲು ಹೋದ ಕಾರ್ಯಕರ್ತರನ್ನೇ ಪೋಲೀಸರು ಹೊಡೆದು ಬಂಧಿಸಿದರು. ಆಲ್ಟರ್ನೇಟಿವ್ ಲಾ ಫೋರಮ್ಮಿನ ಅರವಿಂದ ನರೇನ್ ಮೊದಲಾದ ವಕೀಲರು ಕಾಗದದ ಹೋರಾಟವನ್ನು ಹೊತ್ತರು. ೨೦೧೧ರಲ್ಲಿ ಕರ್ನಾಟಕ ಪೋಲೀಸ ಕಾಯದೆಗೆ ೩೬-ಎ ಎಂಬ ಕಲಮು ಸೇರಿತು. ಹಿಜಡಾಗಳ ಹೆಸರನ್ನು ಪೋಲೀಸರು ವಹಿಯಲ್ಲಿ ಬರೆದಿಡಬಹುದು ಎಂದು ಅದರಲ್ಲಿ ಇತ್ತು. ೧೮೭೧ರ ಮಾತೇ, ನಮ್ಮ ಕನ್ನಡ ಸರಕಾರದ ಮುದ್ರೆ ಹೊತ್ತು! ನಮ್ಮ ಶಾಸಕರಲ್ಲಿ ಒಬ್ಬರಾದರೂ ಸೆಟ್ಲಮೆಂಟಿನ ನೆನಪು ಮಾಡಿಕೊಂಡಿದ್ದರೆ! ಅದನ್ನೂ ಇದೇ ಜನ ಹೈಕೋರ್ಟಿಗೆ ಎಳೆದರು. ಸರಕಾರ ಆ ಸಮುದಾಯದ ಹೆಸರನ್ನು ಕಲಮಿನಿಂದ ತೆಗೆಯಬೇಕಾಯಿತು.

೨೦೧೪ರ ಏಪ್ರಿಲ್ ೧೫ರಂದು ಸುಪ್ರೀಮ ಕೋರ್ಟು ಗಂಡು ಹೆಣ್ಣುಗಳಲ್ಲದ ಮೂರನೆಯ ಲಿಂಗವನ್ನು ಕಾಯದೆಯ ಕಣ್ಣಿನಲ್ಲಿ ಒಪ್ಪಿತು. ೨೦೧೭ರ ಆಗಸ್ಟ ೨೪ರಂದು ಒಂಬತ್ತು ನ್ಯಾಯಾಧೀಶರು, ಪ್ರಜೆಯ ಖಾಸಗಿ ಬದುಕು ಸಂವಿಧಾನ ಕೊಟ್ಟ ಹಕ್ಕೆಂದು ಸಾರಿದರು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು, ತೊಂಬತ್ತರ ವೃದ್ಧರು. ಅವರ ತಕರಾರು ಇದ್ದದ್ದು ಆಧಾರ ಕಾರ್ಡಿನ ಮೇಲೆ. ಆದರೆ ಒಬ್ಬನು ತನ್ನ ಬಾಗಿಲಿಗೆ ಹಾಕಿದ ಅಗಳಿ ಪಕ್ಕದ ಮನೆಯನ್ನೂ ಕಾಯಿತು. ಅಷ್ಟರಲ್ಲಿ, ೨೦೧೬ರಲ್ಲಿ, ನೃತ್ಯಗಾರ ನವತೇಜ ಸಿಂಗ ಜೋಹರ ಮತ್ತು ನಾಲ್ವರು ತಮ್ಮ ಹೆಸರು ಹಾಕಿ ದಾವೆ ಹೂಡಿದ್ದರು. ಅದೇ ವರ್ಷ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇನ್ನಿಬ್ಬರೊಡನೆ ಹೂಡಿದರು. ೨೦೧೫ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅಕ್ಕೈಯವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು. ೨೦೧೮ರ ಸೆಪ್ಟೆಂಬರ ೬ರ ತೀರ್ಪು ಇವರೆಲ್ಲರ ದಾವೆಗಳ ಮೇಲೆ ಬಂದುದು. ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಇತಿಹಾಸ ಈ ಜನರಿಗೂ ಇವರ ಮನೆಯವರಿಗೂ ಕ್ಷಮೆ ಕೇಳಬೇಕಾಗಿದೆ ಎಂದು ಬರೆದರು.

ಪತ್ರಿಕೆಗಳಲ್ಲಿ ಅಂದು ಮುದ್ರಣವಾದ ಭಾವಚಿತ್ರಗಳು ಬಹುತೇಕ ಹೆಸರುವಾಸಿಗಳವು. ಹೋಟೆಲು ಮಾಲಕರು, ಪತ್ರಕರ್ತರು, ಇಂಗ್ಲೀಷು ಬಲ್ಲವರು. ಅವರನ್ನು ನಾವು ಹಗುರು ಮಾಡುವುದಿಲ್ಲ. ಅಪರಾಧಿಯೆಂದು ಕರೆಯುವ ಕಾಯದೆ ಜೀವಂತವಿರುವಾಗಲೇ, ನಾನು ಅಂಥವನೇ ಎಂದು ಕೋರ್ಟಿನ ಕಾಗದದ ಮೇಲೆ ಸಹಿ ಹಾಕುವುದು ಶ್ರೀಮಂತನಿಗೂ ಸಣ್ಣ ಮಾತಲ್ಲ. ಆದರೆ ಆ ಕಾಗದದಲ್ಲಿ ಬರೆಯಲು ಸಂಗತಿ ಎಲ್ಲಿಂದ ಬಂದಿತು? ಠಾಣೆಯಲ್ಲಿ ಏಟು ತಿಂದು, ಎದ್ದು ಬಂದು, ತನಗಾದುದನ್ನು ಬಾಯಿಬಿಟ್ಟು ಹೇಳಿದ ಹೆಸರಿಲ್ಲದವರಿಂದ. ಸಂಪಿನಲ್ಲಿಯೂ ಹೀಗೆಯೇ ಆಗುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಉಳಿಯುತ್ತದೆ, ಬಾಗಿಲಲ್ಲಿ ಮೂವತ್ತು ದಿನ ಉಪವಾಸ ಕುಳಿತವರದು ಉಳಿಯುವುದಿಲ್ಲ.

ನಮ್ಮ ಸೀಮೆಗೆ ಹತ್ತಿರದ ಇಬ್ಬರ ಮಾತು ಹೇಳದೆ ಮುಂದೆ ಹೋಗಲಾರೆವು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ಮುತ್ತು ಕಟ್ಟಿದ್ದು ನಮ್ಮವರೆಲ್ಲ ಹೋಗುವ ಹುಲಿಗೆಮ್ಮನ ಸನ್ನಿಧಿಯಲ್ಲಿ. ಮನೆಯಿಂದ ದೂರಾಗಿ, ವಿಷ ಕುಡಿದು ಬದುಕಿ ಉಳಿದು, ಭಿಕ್ಷೆ ಬೇಡಿ, ಜೋಗತಿ ನೃತ್ಯವನ್ನು ಕಲಿತು ಅದನ್ನೇ ನಾಡಿಗೆ ಕಾಣಿಸಿದರು. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ನಿವಾಳಿಸಿ ಹರಸಿದ್ದನ್ನು ಊರೂರಿನ ಜನ ನೋಡಿದರು. ಇನ್ನೊಬ್ಬರು ಸಂಡೂರಿನ ಕಥೆಗಾರ ವಸುಧೇಂದ್ರ. ತಾವು ಸಲಿಂಗಪ್ರೇಮಿಯೆಂಬುದನ್ನು ಮುಚ್ಚಿಡದೆ, ೨೦೧೩ರಲ್ಲಿ 'ಮೋಹನಸ್ವಾಮಿ' ಎಂಬ ಕಥಾಸಂಗ್ರಹವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಇದು ಇಂಗ್ಲೀಷು ಓದಿದವರ ಚಾಳಿಯೆಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಾಗಿಲ್ಲ.

ಈ ಸಾಲುಗಳನ್ನು ಬರೆಯುವವನು ಪಕ್ಷದ ಕೆಲಸಕ್ಕೆ ಬರುವ ಮೊದಲು ಮಾಸ್ತರಿಕೆ ಮಾಡಿದವನು. ಹನ್ನೆರಡು ವರ್ಷದ ಹಿಂದಿನ ಮಾತು. ಏಳನೆಯ ಇಯತ್ತೆಯಲ್ಲಿ ಒಬ್ಬ ನೇಕಾರರ ಹುಡುಗ ಇದ್ದ. ದನಿ ಸಣ್ಣದು, ಅಕ್ಷರ ದುಂಡು. ಸ್ನೇಹಸಮ್ಮೇಳನಕ್ಕೆ ಕಿತ್ತೂರಿನ ನಾಟಕ ಆಡಿಸಿದಾಗ ಅವನಿಗೆ ಚೆನ್ನಮ್ಮನ ಪಾತ್ರ ಕೊಟ್ಟೆ. ಕುಳಿತಿದ್ದ ತಾಯಂದಿರು ಕಣ್ಣೊರೆಸಿಕೊಳ್ಳುವಂತೆ ಮಾಡಿದ. ಮರುದಿನದಿಂದ ಹುಡುಗರು ಅವನನ್ನು ಚೆನ್ನವ್ವ ಎನ್ನತೊಡಗಿದರು. ತಡೆಯುವುದು ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟು, ಒಂದು ದಿನ ಹಾಜರಿ ಕೂಗುವಾಗ, "ಚೆನ್ನವ್ವ ಬಂದಾಳೇನು?" ಎಂದು ನಾನೇ ಕೇಳಿದೆ. ವರ್ಗವೆಲ್ಲ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ. ಅವನು ಹಾಜರಿ ಹೇಳಿ ಕುಳಿತ. ಮುಂದಿನ ಸೋಮವಾರದಿಂದ ಅವನು ಶಾಲೆಗೆ ಬರಲಿಲ್ಲ. ಮಗ್ಗಕ್ಕೆ ಕೂಡಿಸಿದ್ದಾರೆಂದರು. ಬಡವರ ಮಕ್ಕಳು ಶಾಲೆ ಬಿಡುವುದಕ್ಕೆ ಕಾರಣ ಹುಡುಕುವ ರೂಢಿ ನಮ್ಮಲ್ಲಿಲ್ಲ, ನಾನೂ ಹುಡುಕಲಿಲ್ಲ.

ಕೆಲವು ತಿಂಗಳ ಕೆಳಗೆ ಆ ಹುಡುಗನ ತಂದೆ ಪಕ್ಷದ ಕಚೇರಿಗೆ ಬಂದರು. ಎಲ್ಲರೂ ಏಳುವ ವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ಹತ್ತಿರ ಬಂದ ಅವರು ಮೆಲ್ಲಗೆ ಕೇಳಿದರು. ಮಗ ಈಗ ಇಚಲಕರಂಜಿಯಲ್ಲಿ ಪಾವರಲೂಮಿನ ಕೆಲಸಕ್ಕಿದ್ದಾನೆ. ಒಬ್ಬ ಗೆಳೆಯನೊಡನೆ ಒಂದೇ ಖೋಲಿಯಲ್ಲಿ ಇರುತ್ತಾನೆ. ಲಗ್ನದ ಮಾತು ತೆಗೆದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದ್ದಾನೆ. ಆರು ವರ್ಷದಿಂದ ಊರಿಗೆ ಬಂದಿಲ್ಲ. "ಮಾಸ್ತರ್ರ, ನನ್ನ ಮಗ ಕಳವು ಮಾಡಿಲ್ರಿ, ಯಾರ ಮನಿ ಮುರದಿಲ್ರಿ. ತಿಂಗಳಾ ತಿಂಗಳಾ ಅವರವ್ವನ ಔಷಧಕ್ಕ ರೊಕ್ಕ ಕಳಸ್ತಾನ್ರಿ. ಕೋರ್ಟಿನ್ಯಾಗ ಇದು ತಪ್ಪಲ್ಲ ಅಂತ ಆಗೇತಂತಲ್ಲ, ಖರೇ ಏನ್ರೀ? ಹಂಗಾರ ಅಂವ ಊರಿಗೆ ಬಂದ್ರ ಪೋಲೀಸ್ರು ಹಿಡಿಯಂಗಿಲ್ಲಲ್ರೀ?"

ಹಿಡಿಯುವಂತಿಲ್ಲ, ೨೦೧೮ರಲ್ಲಿಯೇ ಅದು ಮುಗಿದಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಓಣ್ಯಾಗಿನ ಮಂದೀರಿ?" ಎಂದರು.

ಆ ಪ್ರಶ್ನೆಗೆ ಸುಪ್ರೀಮ ಕೋರ್ಟು ಉತ್ತರ ಕೊಡಲಾರದು. ಆ ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಅವರಿಗೆ ಅಂದು ಹೇಳುವ ಧೈರ್ಯವಾಗಲಿಲ್ಲ. ಇಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ದಿಲ್ಲಿಯ ಕೋರ್ಟಿನಲ್ಲಿಯೂ ಹಲವರು ತಂದೆತಾಯಿಗಳು, ನಮ್ಮ ಮಕ್ಕಳನ್ನು ಅಪರಾಧಿಗಳೆನ್ನಬೇಡಿರಿ ಎಂದು ಅರ್ಜಿ ಹಾಕಿ ನಿಂತಿದ್ದರು. ಬೆಟಗೇರಿಯ ಈ ತಂದೆ ಅರ್ಜಿ ಬರೆಯಲು ಬಾರದವರು. ಇಷ್ಟೇ ವ್ಯತ್ಯಾಸ.

ಕಾಯದೆಯ ಬಾಕಿಯೂ ತೀರಿಲ್ಲ. ೨೦೨೪ರ ಜುಲೈ ೧ರಿಂದ ಪೀನಲ್ ಕೋಡು ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಬರೆದವರು ೩೭೭ನ್ನು ಪೂರ್ತಿಯಾಗಿ ಬಿಟ್ಟರು. ೨೦೧೮ರ ತೀರ್ಪು ಒಪ್ಪಿಗೆಯಿದ್ದುದನ್ನು ಮಾತ್ರ ಬಿಡಿಸಿತ್ತು. ಬಲಾತ್ಕಾರಕ್ಕೆ ಆ ಕಲಮನ್ನು ಉಳಿಸಿತ್ತು. ಹೊಸ ಸಂಹಿತೆ ಬರೆಯುವಾಗ ಅದಕ್ಕೆ ಬದಲು ಏನನ್ನೂ ಇಡಲಿಲ್ಲ. ರಾತ್ರಿ ಪಾಳಿಯಲ್ಲಿ ಹತ್ತೊಂಬತ್ತು ವರ್ಷದ ಉಮೇದುವಾರ ಹುಡುಗನ ಮೇಲೆ ಮುಕಾದಮನು ಬಲಾತ್ಕಾರ ಮಾಡಿದರೆ ಯಾವ ಕಲಮು ಹಚ್ಚಬೇಕು? ಪ್ರೀತಿಗೆ ಶಿಕ್ಷೆ ಬೇಡವೆಂದರೆ ಪೀಡನೆಗೂ ಶಿಕ್ಷೆ ತೆಗೆದಂತಾಯಿತು. ಹಾಗೆಯೇ ೨೦೧೯ರ ತೃತೀಯಲಿಂಗಿಗಳ ಕಾಯದೆ, ಅವರ ಮೇಲೆ ಲೈಂಗಿಕ ಅತ್ಯಾಚಾರ ಮಾಡಿದವನಿಗೆ ಹೆಚ್ಚೆಂದರೆ ಎರಡು ವರ್ಷವೆಂದು ಬರೆಯಿತು. ಹೆಂಗಸಿನ ಮೇಲಿನ ಬಲಾತ್ಕಾರಕ್ಕೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ಒಂದು ಮೈಗೆ ಒಂದು ಬೆಲೆ, ಇನ್ನೊಂದಕ್ಕೆ ಇನ್ನೊಂದು! ಕೂಡಿ ಬಾಳುವವರ ಲಗ್ನವನ್ನು ಒಪ್ಪಲು ಸುಪ್ರೀಮ ಕೋರ್ಟು ೨೦೨೩ರ ಅಕ್ಟೋಬರ ೧೭ರಂದು ನಿರಾಕರಿಸಿತು. ಇಚಲಕರಂಜಿಯ ಆ ಖೋಲಿಯಲ್ಲಿ ಒಬ್ಬನು ಮಗ್ಗದ ಅಪಘಾತದಲ್ಲಿ ಸತ್ತರೆ ಪರಿಹಾರದ ಕಾಗದದಲ್ಲಿ ಇನ್ನೊಬ್ಬನು ಯಾರೂ ಅಲ್ಲ.

ಕರ್ನಾಟಕ ಸರಕಾರ ಮಾಡಿದ ಒಳ್ಳೆಯದನ್ನೂ ಹೇಳಬೇಕು. ಸರಕಾರಿ ನೌಕರಿಯಲ್ಲಿ ತೃತೀಯಲಿಂಗಿಗಳಿಗೆ ನೂರಕ್ಕೆ ಒಂದು ಜಾಗ ಮೀಸಲೆಂದು ೨೦೨೧ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ನಿಯಮ ಮಾಡಿತು. ೨೦೨೩ರ ಜೂನ ೧೧ರಂದು ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಆರಂಭವಾದಾಗ ಇವರನ್ನೂ ಸೇರಿಸಿತು. ಶಿರಹಟ್ಟಿಯಿಂದ ಗದುಗಿಗೆ ಬರುವ ಬಸ್ಸಿನಲ್ಲಿ ಟಿಕೀಟು ಕೇಳದೆ ಕೂಡಿಸುವುದನ್ನು ಕಂಡಕ್ಟರರು ಕಲಿತಿದ್ದಾರೆ. ಪಕ್ಕದಲ್ಲಿ ಕೂಡುವುದನ್ನು ಪ್ರಯಾಣಿಕರು ಇನ್ನೂ ಕಲಿಯಬೇಕಾಗಿದೆ.

ಲಕ್ಷ್ಮೇಶ್ವರದ ನಮ್ಮ ವ್ಯಾಪಾರಿ ಮಿತ್ರರಿಗೆ ಒಂದು ತಕರಾರು ಇದೆ, ಅದು ಸುಳ್ಳಲ್ಲ. ಸಂತೆಯ ದಿನ ಅಂಗಡಿಯ ಮುಂದೆ ಚಪ್ಪಾಳೆ ತಟ್ಟಿ ಹಣ ಕೇಳುತ್ತಾರೆ, ಕೊಡದಿದ್ದರೆ ಗಿರಾಕಿಗಳ ಎದುರು ಮಾನ ಕಳೆಯುತ್ತಾರೆ ಎನ್ನುತ್ತಾರೆ. ಬೋಣಿಯಾಗದ ಹೊತ್ತಿನಲ್ಲಿ ಅದು ಹೊರೆಯೇ ಸರಿ. ಆದರೆ ಅವರಲ್ಲಿ ಒಬ್ಬರು ಬಂದು, ಭಿಕ್ಷೆ ಬೇಡ, ಅಕ್ಕಿ ಆರಿಸುವ ಕೆಲಸ ಕೊಡಿರಿ, ಪೊಟ್ಟಣ ಕಟ್ಟುತ್ತೇನೆ ಎಂದರೆ ನೀವು ಕೊಡುತ್ತೀರೇನು? ಕೇಳಿಯೇ ಬಿಟ್ಟೆವು. "ಗಿರಾಕಿ ಬರಂಗಿಲ್ರೀ" ಎಂದರು. ಇದು ಪ್ರಾಮಾಣಿಕ ಉತ್ತರ, ಮತ್ತು ಚಪ್ಪಾಳೆ ನಿಲ್ಲದಿರುವುದಕ್ಕೂ ಇದೇ ಕಾರಣ. ದೇವಿಯ ಹೆಸರಿನಲ್ಲಿ ಅವರಿಗೆ ಗುಡ್ಡದ ಮೇಲೆ ಜಾಗ ಕೊಟ್ಟೆವು. ಓಣಿಯಲ್ಲಿ ಮನೆ, ಅಂಗಡಿಯಲ್ಲಿ ಕೆಲಸ ಕೊಡಲಿಲ್ಲ.

ಲೋಹಿಯಾ ಅವರು ಹೇಳಿದ ಏಳು ಕ್ರಾಂತಿಗಳನ್ನು ನಮ್ಮ ಶಿಬಿರಗಳಲ್ಲಿ ಕಂಠಪಾಠ ಮಾಡಿಸುತ್ತೇವೆ. ಖಾಸಗಿ ಬದುಕಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಕ್ರಾಂತಿಯೂ ಅದರಲ್ಲಿ ಒಂದು. ಅದನ್ನು ಹೇಳುವಾಗ ನಮ್ಮಲ್ಲಿ ಎಷ್ಟು ಜನ ಈ ಕಲಮನ್ನು ನೆನೆದೆವು? ಜಾತಿಯ ಮೇಲೆ ಮಾತಾಡಿದೆವು, ಪಗಾರದ ಮೇಲೆ ಮಾತಾಡಿದೆವು. ಇದು ಬಂದಾಗ ನಮ್ಮ ಸಭೆಗಳಲ್ಲಿಯೂ ಆ ಲಕ್ಷ್ಮೇಶ್ವರದ ನಗೆಯೇ ಎದ್ದಿತು. ಕಾಮಗಾರ ಸಂಘದವರಿಗೆ ಈ ವಾರ ಎರಡು ಮಾತು ಬರೆದು ಕಳಿಸಿದ್ದೇವೆ. ಪಾಳಿಯಲ್ಲಿ ನಡೆನುಡಿಯ ಮೇಲೆ ಹಂಗಿಸಿದ್ದರಿಂದ ಕೆಲಸ ಬಿಡುವ ಹುಡುಗರ ತಕರಾರನ್ನು ಬೇರೆ ತಕರಾರುಗಳ ಹಾಗೆಯೇ ದಾಖಲು ಮಾಡಬೇಕು. ಸಂಘದ ಸಹಾಯನಿಧಿಯಲ್ಲಿ ವಾರಸುದಾರನ ಹೆಸರನ್ನು ಸದಸ್ಯನು ತನಗೆ ಬೇಕಾದವರದು ಬರೆಯಲಿ, ಸಂಬಂಧವನ್ನು ಕೇಳುವುದು ಬೇಡ. ಸಂಘದ ಕಾರ್ಯದರ್ಶಿಗಳು ಮುಂದಿನ ಸಭೆಯಲ್ಲಿ ಇಡುತ್ತೇವೆಂದಿದ್ದಾರೆ. ವಿರೋಧವಿದೆ ಎಂದೂ ಹೇಳಿದ್ದಾರೆ.

ಸುಲಿಗೆ, ಹೊಡೆತ, ಮನೆಯಿಂದ ಹೊರಗೆ ಹಾಕುವುದು, ಯಾವುದೇ ತೊಂದರೆಯಿದ್ದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು; ೧೯೮೭ರ ಕಾಯದೆಯ ಪ್ರಕಾರ ಕಾರಖಾನೆಯ ಕಾಮಗಾರರಿಗೆ, ಹೆಂಗಸರಿಗೆ, ಕಡಿಮೆ ಉತ್ಪನ್ನದವರಿಗೆ ವಕೀಲರ ಫೀ ಇಲ್ಲ. ಅಲ್ಲಿಗೆ ಒಬ್ಬರೇ ಹೋಗಲು ಅಂಜುವವರು ಮೊದಲು ನಮ್ಮ ಕಚೇರಿಗೆ ಬರಲಿ. ಗುರುವಾರ ಸಂಜೆ ಏಳರ ನಂತರ, ಪಾಳಿ ಬಿಟ್ಟ ಮೇಲೆ, ವಕೀಲರೊಬ್ಬರು ಕೂಡುತ್ತಾರೆ. ಹಿಂದಿನ ಬಾಗಿಲು ತೆರೆದಿರುತ್ತದೆ. ಬಂದವರ ಹೆಸರನ್ನು ಬರೆದುಕೊಳ್ಳುವ ವಹಿ ಅಲ್ಲಿ ಇಟ್ಟಿಲ್ಲ.